ನೀರೇ ಕೋಟೆಯಾದ ಊರು: ವೆನಿಸ್ ನಗರ ಮತ್ತು ಅದರ ನೆರೆ

ಪ್ರಪಂಚದ ಭೂಪಟದಲ್ಲಿ ಇಟಲಿಯನ್ನು ಗುರುತಿಸುವುದು ಬಲು ಸುಲಭ. ಮೆಡಿಟರೇನಿಯನ್ ಸಮುದ್ರಕ್ಕೆ ಚಾಚಿದ ಬೂಟಿನಂತೆ ಆ ದೇಶ ಕಾಣುತ್ತದೆ. ಆ ಬೂಟಿನ ಮೇಲ್ಭಾಗದ ಪೂರ್ವಕ್ಕೆ, ಏಡ್ರಿಯಾಟಿಕ್ ಸಮುದ್ರ ಕೊನೆಗೊಳ್ಳುವ ಮೂಲೆಯಲ್ಲಿ ವೆನಿಸ್ ನಗರವಿದೆ. ಬೀದಿಗಳ ಬದಲು ಕಾಲುವೆಗಳು, ಬಸ್ಸುಗಳ ಬದಲು ದೋಣಿಗಳು ಇರುವ ಊರೆಂದು ನಾವೆಲ್ಲ ಚಿತ್ರಗಳಲ್ಲಿ ನೋಡಿದ್ದೇವೆ. ಸುಮಾರು 118 ಪುಟ್ಟ ದ್ವೀಪಗಳನ್ನು 400ಕ್ಕೂ ಹೆಚ್ಚು ಸೇತುವೆಗಳಿಂದ ಹೊಲಿದಂತೆ ಜೋಡಿಸಿ ಆ ನಗರವನ್ನು ಕಟ್ಟಲಾಗಿದೆ.

ನಮ್ಮ ಪ್ರೌಢಶಾಲೆಯ ಇತಿಹಾಸ ಪಾಠದಲ್ಲಿಯೂ ಈ ಊರಿನ ನೆರಳು ಬಿದ್ದಿದೆ. ಭಾರತಕ್ಕೆ ಯುರೋಪಿಯನ್ನರ ಆಗಮನ ಎಂಬ ಪಾಠವನ್ನು ಓದಿದವರಿಗೆ ನೆನಪಿರಬಹುದು: ಪೂರ್ವ ದೇಶಗಳ ಸಾಂಬಾರ ಪದಾರ್ಥಗಳನ್ನು ಯುರೋಪಿನಲ್ಲಿ ಮಾರುವ ಏಕಸ್ವಾಮ್ಯ ಇಟಲಿಯ ವರ್ತಕರ ಕೈಯಲ್ಲಿತ್ತು. ಆ ವರ್ತಕರಲ್ಲಿ ಎಲ್ಲರಿಗಿಂತ ಮುಂದಿದ್ದವರು ವೆನಿಸಿನವರು. ಪಾಠ ಅಲ್ಲಿಂದ ವಾಸ್ಕೋ ಡ ಗಾಮನ ಕಡೆಗೆ ತಿರುಗುತ್ತದೆ; ವೆನಿಸ್ ಏನಾಯಿತು ಎಂಬುದನ್ನು ಹೇಳುವುದಿಲ್ಲ. ಇಂದು ಆ ನಗರ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ನೆರೆಯ ಸುದ್ದಿಯಲ್ಲಿ. ನೀರಿನ ಮೇಲೆಯೇ ಕಟ್ಟಿದ ಊರಿಗೆ ನೀರು ನುಗ್ಗುವುದರಲ್ಲಿ ಆಶ್ಚರ್ಯವೇನು ಎಂದು ಯಾರಾದರೂ ಕೇಳಬಹುದು. ಆದರೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಆ ಜನ ಅದೇ ನೀರಿನ ನಡುವೆ ಬಾಳಿ, ಬೆಳೆದು, ಸಾಮ್ರಾಜ್ಯವನ್ನೂ ಕಟ್ಟಿದರು. ಹಾಗಿದ್ದ ಮೇಲೆ ಇತ್ತೀಚಿನ ನೂರು ವರ್ಷಗಳಲ್ಲಿ ಅವರ ಪಾಲಿಗೆ ನೀರು ಏಕೆ ಶತ್ರುವಾಯಿತು? ಈ ಪ್ರಶ್ನೆಗೆ ಇತಿಹಾಸದಲ್ಲಿ ಉತ್ತರವಿದೆ.

ಕೆಸರಿನ ಮೇಲೆ ಕಟ್ಟಿದ ನಗರ

ವೆನಿಸ್ ನಿಂತಿರುವುದು ತೆರೆದ ಸಮುದ್ರದಲ್ಲಿ ಅಲ್ಲ, ಒಂದು ಲಗೂನಿನಲ್ಲಿ. ಒಡಿಶಾದ ಚಿಲ್ಕಾ ಸರೋವರವನ್ನು ಭೂಗೋಳದಲ್ಲಿ ಓದಿದವರಿಗೆ ಲಗೂನ್ ಎಂದರೆ ಏನೆಂದು ಗೊತ್ತು. ಸಮುದ್ರಕ್ಕೂ ನೆಲಕ್ಕೂ ನಡುವೆ ಮರಳಿನ ದಿಬ್ಬಗಳು ಅಡ್ಡ ಬಂದಾಗ, ಒಳಗೆ ಉಳಿಯುವ ಆಳವಿಲ್ಲದ ಉಪ್ಪುನೀರಿನ ಹರವು ಅದು. ವೆನಿಸಿನ ಲಗೂನ್ ಸುಮಾರು 50 ಕಿ.ಮೀ. ಉದ್ದವಿದೆ, ಅದರ ವಿಸ್ತಾರ ಸುಮಾರು 550 ಚದರ ಕಿ.ಮೀ. ಸಮುದ್ರದ ನೀರು ಒಳಗೆ ಬಂದು ಹೋಗಲು ಲಿಡೊ, ಮಲಮೊಕ್ಕೊ, ಕಿಯೊಜಾ ಎಂಬ ಮೂರು ಬಾಯಿಗಳಿವೆ. ದಿನಕ್ಕೆ ಎರಡು ಸಲ ಉಬ್ಬರದಲ್ಲಿ ನೀರು ಒಳಬರುತ್ತದೆ, ಎರಡು ಸಲ ಇಳಿತದಲ್ಲಿ ಹೊರಹೋಗುತ್ತದೆ.

ಇಂತಹ ಜೌಗಿಗೆ ಜನ ಸುಖಕ್ಕಾಗಿ ಬಂದವರಲ್ಲ. ರೋಮನ್ ಸಾಮ್ರಾಜ್ಯ ಕುಸಿಯುತ್ತಿದ್ದ ಕಾಲದಲ್ಲಿ, 452ರಲ್ಲಿ ಹೂಣರ ಅಟಿಲ, ಮುಂದೆ 568ರಲ್ಲಿ ಲೊಂಬಾರ್ಡರು ಉತ್ತರ ಇಟಲಿಯ ಊರುಗಳ ಮೇಲೆ ಬಿದ್ದಾಗ, ಜೀವ ಉಳಿಸಿಕೊಳ್ಳಲು ಓಡಿದವರು ಈ ದ್ವೀಪಗಳಲ್ಲಿ ನೆಲೆಸಿದರು. ಆರನೇ ಶತಮಾನದಲ್ಲಿ ಕ್ಯಾಸಿಯೊಡೋರಸ್ ಎಂಬ ಅಧಿಕಾರಿ ಬರೆದ ಪತ್ರವೊಂದರಲ್ಲಿ ಇವರ ಚಿತ್ರವಿದೆ. ನೀರುಹಕ್ಕಿಗಳ ಹಾಗೆ ಇವರ ವಾಸ. ನಾವು ಕೊಟ್ಟಿಗೆಯಲ್ಲಿ ದನ ಕಟ್ಟುವಂತೆ ಇವರು ಮನೆಯ ಗೋಡೆಗೆ ದೋಣಿ ಕಟ್ಟುತ್ತಾರೆ. ನೇಗಿಲು ಕುಡುಗೋಲುಗಳ ಬದಲು ಉಪ್ಪು ತೆಗೆಯುವುದೇ ಇವರ ಬೇಸಾಯ ಎಂಬುದು ಅದರ ಸಾರಾಂಶ.

ಕೆಸರಿನಲ್ಲಿ ಕಲ್ಲಿನ ಮನೆ ನಿಲ್ಲುವುದು ಹೇಗೆ? ಅವರು ಕಂಡುಕೊಂಡ ಉಪಾಯ ಇದು. ಓಕ್, ಲಾರ್ಚ್ ಮೊದಲಾದ ಮರದ ದಿಮ್ಮಿಗಳ ತುದಿ ಚೂಪು ಮಾಡಿ, ಕೆಸರನ್ನು ದಾಟಿ ಕೆಳಗಿನ ಗಟ್ಟಿ ಜೇಡಿಯವರೆಗೆ ಒತ್ತೊತ್ತಾಗಿ ಹೊಡೆಯುತ್ತಿದ್ದರು. ಅದರ ಮೇಲೆ ಹಲಗೆ ಹಾಸಿ, ಹಲಗೆಯ ಮೇಲೆ ಇಸ್ಟ್ರಿಯಾ ಪ್ರಾಂತ್ಯದ ಬಿಳಿಗಲ್ಲನ್ನು ಕೂರಿಸುತ್ತಿದ್ದರು. ಆ ಕಲ್ಲು ನೀರನ್ನು ಸುಲಭವಾಗಿ ಹೀರುವುದಿಲ್ಲ. ಕಲ್ಲಿನ ಮೇಲೆ ಇಟ್ಟಿಗೆ ಗೋಡೆ ಏಳುತ್ತಿತ್ತು. ಗಾಳಿಯಾಡದ ಕೆಸರಿನಲ್ಲಿ ಹೂತ ಮರ ಬೇಗ ಕೊಳೆಯುವುದಿಲ್ಲವಾದ್ದರಿಂದ ಶತಮಾನಗಳ ಹಿಂದಿನ ಗೂಟಗಳು ಇಂದಿಗೂ ಭಾರ ಹೊತ್ತು ನಿಂತಿವೆ. 1588ರಿಂದ 1591ರವರೆಗೆ ಆಂತೋನಿಯೊ ದ ಪೊಂತೆ ಕಟ್ಟಿದ ರಿಯಾಲ್ಟೊ ಸೇತುವೆಯ ಅಡಿಯಲ್ಲಿ ಸುಮಾರು 12,000 ಗೂಟಗಳಿವೆ.

ಸುತ್ತಲೂ ನೀರಿದ್ದರೂ ಕುಡಿಯಲು ಹನಿ ನೀರಿರಲಿಲ್ಲ. ಅದಕ್ಕಾಗಿ ಪ್ರತಿ ಬಯಲಿನ ಅಡಿಯಲ್ಲಿಯೂ ಜೇಡಿಮಣ್ಣು ಮೆತ್ತಿದ ದೊಡ್ಡ ಗುಂಡಿ ತೋಡಿ, ಮರಳು ತುಂಬಿ, ನಡುವೆ ಬಾವಿ ಕಟ್ಟುತ್ತಿದ್ದರು. ಮಳೆನೀರು ಮರಳಿನಲ್ಲಿ ಸೋಸಿ ಬಾವಿ ಸೇರುತ್ತಿತ್ತು. 1884ರಲ್ಲಿ ನೆಲದ ಕಡೆಯಿಂದ ಕೊಳವೆ ನೀರು ಬರುವವರೆಗೆ ಊರು ಕುಡಿದದ್ದು ಮುಖ್ಯವಾಗಿ ಈ ಬಾವಿಗಳ ನೀರನ್ನೇ. ಈಗ ನಾವು ಮಳೆನೀರು ಕೊಯ್ಲು ಎಂದು ಕರೆಯುವುದನ್ನು ಅವರು ನೂರಾರು ವರ್ಷ ನಡೆಸಿಕೊಂಡು ಬಂದಿದ್ದರು.

ನಮ್ಮ ಮೆಣಸು, ಅವರ ಚಿನ್ನ

ಹೊಲವಿಲ್ಲದ ಊರಿಗೆ ವ್ಯಾಪಾರವೇ ಹೊಲ. ಮಲಬಾರ್ ಮತ್ತು ಕನ್ನಡ ಕರಾವಳಿಯ ಮೆಣಸು ಅರಬ್ಬರ ಹಡಗುಗಳಲ್ಲಿ ಕೆಂಪು ಸಮುದ್ರ ದಾಟಿ, ಈಜಿಪ್ಟಿನ ಅಲೆಕ್ಸಾಂಡ್ರಿಯ ಸೇರುತ್ತಿತ್ತು. ಅಲ್ಲಿ ವೆನಿಸಿನವರು ಅದನ್ನು ಕೊಂಡು ಯುರೋಪಿಗೆಲ್ಲ ಮಾರುತ್ತಿದ್ದರು. ಬೆಲೆಯಾಗಿ ಕೊಡಲು ಅವರ ಬಳಿ ಇದ್ದದ್ದು ಚಿನ್ನ. 1284ರಿಂದ ಅವರು ಟಂಕಿಸಿದ ಡುಕಾಟ್ ಎಂಬ ಚಿನ್ನದ ನಾಣ್ಯ ತನ್ನ ತೂಕ ಮತ್ತು ಶುದ್ಧತೆಯನ್ನು ಐನೂರು ವರ್ಷ ಬಿಟ್ಟುಕೊಡಲಿಲ್ಲ. ಅದು ನಮ್ಮ ದೇಶದ ಬಂದರುಗಳವರೆಗೂ ಬಂದಿತು. ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರದ ಕಡೆ ಹೆಣ್ಣುಮಕ್ಕಳು ಕೊರಳಿಗೆ ಹಾಕುವ ಪುತಳಿ ಸರದ ಬಿಲ್ಲೆಗಳಿಗೆ ಈ ನಾಣ್ಯದ ಅಚ್ಚೇ ಮೂಲ.

ವಿಜಯನಗರವನ್ನು ಕಂಡ ವಿದೇಶಿ ಪ್ರವಾಸಿಗರ ಪಟ್ಟಿಯಲ್ಲಿ ನಿಕೋಲೊ ಕೊಂಟಿಯ ಹೆಸರನ್ನು ನಾವು ಬಾಯಿಪಾಠ ಮಾಡಿದ್ದೇವೆ. 1420ರ ಸುಮಾರಿಗೆ ಬಂದ ಆತ ಇದೇ ಲಗೂನಿನ ಕಿಯೊಜಾ ಊರಿನವನು. ರಕ್ಕಸತಂಗಡಿ ಯುದ್ಧವಾದ ಎರಡು ವರ್ಷಕ್ಕೆ, ಅಂದರೆ 1567ರಲ್ಲಿ, ಬಂದು ಏಳು ತಿಂಗಳು ವಿಜಯನಗರದಲ್ಲಿ ತಂಗಿದ್ದ ಸೀಸರ್ ಫ್ರೆಡರಿಕ್ ಕೂಡ ವೆನಿಸಿನ ವರ್ತಕ. ಆತ ಅಲ್ಲಿ ಕಂಡದ್ದೇನು ಎಂಬುದನ್ನು ಈ ಲೇಖನದ ಕೊನೆಯಲ್ಲಿ ನೆನೆಯೋಣ.

ನೀರು ಕಾಯುವ ಅಧಿಕಾರ

ವೆನಿಸ್ ಗಣರಾಜ್ಯಕ್ಕೆ ರಾಜನಿರಲಿಲ್ಲ. ಡೋಜ್ ಎಂಬ ಮುಖ್ಯಸ್ಥನನ್ನು ಶ್ರೀಮಂತ ಮನೆತನಗಳವರು ಆರಿಸುತ್ತಿದ್ದರು. ಪ್ರತಿ ವರ್ಷ ಒಂದು ಹಬ್ಬದ ದಿನ ಆತ ಅಲಂಕರಿಸಿದ ದೋಣಿಯಲ್ಲಿ ಹೋಗಿ ಸಮುದ್ರಕ್ಕೆ ಚಿನ್ನದ ಉಂಗುರ ಹಾಕುತ್ತಿದ್ದ. ಅದು ಊರಿಗೂ ಸಮುದ್ರಕ್ಕೂ ನಡೆಯುವ ಮದುವೆ. ಕೆರೆ ತುಂಬಿದಾಗ ಬಾಗಿನ ಬಿಡುವ ನಮಗೆ ಈ ಭಾವನೆ ಹೊಸದಲ್ಲ. ಆದರೆ ಅವರು ಉಂಗುರ ಹಾಕಿ ಸುಮ್ಮನೆ ಮನೆಗೆ ಹೋಗಲಿಲ್ಲ, ಉಳಿದ ದಿನಗಳಲ್ಲಿ ಕೆಲಸ ಮಾಡಿದರು.

ಆ ಕಾಲದಲ್ಲಿ ಲಗೂನಿಗೆ ಇದ್ದ ಭಯ ಇಂದಿನದಕ್ಕೆ ತದ್ವಿರುದ್ಧ. ಬ್ರೆಂಟ, ಸಿಲೆ, ಪಿಯಾವೆ ಎಂಬ ನದಿಗಳು ಆಲ್ಪ್ಸ್ ಕಡೆಯಿಂದ ಮಣ್ಣು ತಂದು ಸುರಿಯುತ್ತಿದ್ದವು. ಕೆರೆಗೆ ಹೂಳು ತುಂಬಿದರೆ ಏನಾಗುತ್ತದೆ ಎಂಬುದನ್ನು ನಮ್ಮ ರೈತರಿಗೆ ಹೇಳಬೇಕಾಗಿಲ್ಲ. ಲಗೂನ್ ತುಂಬಿ ನೆಲವಾದರೆ ಬಂದರು ಹೋಗುತ್ತದೆ, ನೀರು ನಿಂತು ಮಲೇರಿಯಾ ಬರುತ್ತದೆ, ಶತ್ರು ನಡೆದುಕೊಂಡೇ ಬರಬಹುದು. ಈ ಊರಿಗೆ ಕಲ್ಲಿನ ಕೋಟೆ ಇರಲಿಲ್ಲ, ನೀರೇ ಕೋಟೆ. 810ರಲ್ಲಿ ಶಾರ್ಲಮೇನ್ ಚಕ್ರವರ್ತಿಯ ಮಗ ಪೆಪಿನ್ ಸೈನ್ಯ ತಂದಾಗಲೂ ನಗರವನ್ನು ಗೆಲ್ಲಲಾಗದೆ ಹಿಂತಿರುಗಿದ್ದ. ಆಳದ ದಾರಿಯನ್ನು ತೋರಿಸುವ ಗೂಟಗಳನ್ನು ಊರಿನವರು ಕಿತ್ತುಹಾಕಿದ್ದರಿಂದ ಅವನ ಹಡಗುಗಳು ಕೆಸರಿನಲ್ಲಿ ಹೂತವು ಎಂದು ಹೇಳುತ್ತಾರೆ.

ಅದಕ್ಕಾಗಿ 16ನೇ ಶತಮಾನದ ಆರಂಭದಲ್ಲಿ ಗಣರಾಜ್ಯ ನೀರಿಗಾಗಿಯೇ ಒಂದು ಪ್ರತ್ಯೇಕ ಇಲಾಖೆಯನ್ನು ಮಾಡಿತು. ನಮ್ಮ ಹಳ್ಳಿಗಳಲ್ಲಿ ಕೆರೆಯ ತೂಬು ನೋಡಿಕೊಳ್ಳಲು ನೀರುಗಂಟಿ ಇದ್ದಂತೆ, ಅಲ್ಲಿ ಇಡೀ ಲಗೂನಿಗೆ ಈ ಇಲಾಖೆ ನೀರುಗಂಟಿಯಾಯಿತು. ಅದರ ಕಚೇರಿಯಲ್ಲಿದ್ದ ಶಾಸನವೊಂದು ಸಾರ್ವಜನಿಕ ನೀರಿಗೆ ಯಾವ ರೀತಿಯಲ್ಲಾದರೂ ಹಾನಿ ಮಾಡಿದವನು ದೇಶದ್ರೋಹಿ, ಊರಿನ ಕೋಟೆಯನ್ನು ಒಡೆದವನಿಗೆ ಆಗುವ ಶಿಕ್ಷೆಯೇ ಅವನಿಗೂ ಆಗಬೇಕು ಎಂಬ ಅರ್ಥದಲ್ಲಿ ಎಚ್ಚರಿಸಿತ್ತು.

ಅದೇ ಶತಮಾನದಲ್ಲಿ ಇಬ್ಬರ ನಡುವೆ ದೊಡ್ಡ ವಾದ ನಡೆಯಿತು. ಆಲ್ವಿಸೆ ಕೊರ್ನಾರೊ ಎಂಬ ಜಮೀನುದಾರ ಲಗೂನಿನ ಅಂಚಿನ ಜೌಗನ್ನು ಒಣಗಿಸಿ ಗದ್ದೆ ಮಾಡೋಣ, ಊರಿಗೆ ಧಾನ್ಯ ಸಿಗುತ್ತದೆ ಎಂದ. ಮಾತು ಸುಳ್ಳಲ್ಲ, ಊರಿಗೆ ಧಾನ್ಯ ಹೊರಗಿನಿಂದಲೇ ಬರಬೇಕಿತ್ತು. ನೀರಿನ ಇಲಾಖೆಯ ಎಂಜಿನಿಯರ್ ಕ್ರಿಸ್ತೋಫೊರೊ ಸಬ್ಬದೀನೊ ಅದನ್ನು ಒಪ್ಪಲಿಲ್ಲ. ಲಗೂನ್ ವಿಶಾಲವಾಗಿದ್ದಷ್ಟೂ ಉಬ್ಬರದ ನೀರು ಬಲವಾಗಿ ಬಂದು ಹೋಗಿ ಕೊಳೆಯನ್ನು ತೊಳೆಯುತ್ತದೆ. ಅಂಚು ಕತ್ತರಿಸಿದರೆ ಊರು ಸಾಯುತ್ತದೆ ಎಂಬುದು ಅವನ ವಾದ. ಬಹುಮಟ್ಟಿಗೆ ಸಬ್ಬದೀನೊನ ಮಾತೇ ನಡೆಯಿತು. ಮುಂದಿನ ತಲೆಮಾರುಗಳು ಒಂದಾದ ಮೇಲೊಂದರಂತೆ ನದಿಗಳಿಗೆ ಹೊಸ ಪಾತ್ರ ತೋಡಿ, ಲಗೂನಿನ ಹೊರಗೆ ನೇರವಾಗಿ ಸಮುದ್ರಕ್ಕೆ ಹರಿಸಿದವು. ಇಟಲಿಯ ದೊಡ್ಡ ನದಿ ಪೊ ಕೂಡ 1604ರಲ್ಲಿ ದಕ್ಷಿಣಕ್ಕೆ ತಿರುಗಿತು. ಯಂತ್ರಗಳಿಲ್ಲದ ಕಾಲದಲ್ಲಿ ಗುದ್ದಲಿ, ಬುಟ್ಟಿ ಹಿಡಿದು ಮಾಡಿದ ಕೆಲಸ ಅದು.

ಒಳಗಿನ ಕಾಲುವೆಗಳಿಗೂ ಸರದಿಯಂತೆ ಎರಡು ತುದಿ ಕಟ್ಟಿ, ನೀರು ಬತ್ತಿಸಿ, ಹೂಳು ತೆಗೆದು, ಗೋಡೆಗಳ ಬುಡ ಸರಿಪಡಿಸುತ್ತಿದ್ದರು. ಸಮುದ್ರದ ಕಡೆ ಮರಳದಿಬ್ಬಗಳು ಸವೆಯತೊಡಗಿದಾಗ 1744ರಿಂದ 1782ರವರೆಗೆ ಇಸ್ಟ್ರಿಯಾ ಕಲ್ಲಿನಿಂದ ಮುರಾತ್ಸಿ ಎಂಬ ಭಾರಿ ತಡೆಗೋಡೆಯನ್ನು ಕಟ್ಟಿದರು. ಅದನ್ನು ಯೋಜಿಸಿದವನು ಗಣಿತಜ್ಞ ಬೆರ್ನಾರ್ದೀನೊ ತ್ಸೆಂದ್ರೀನಿ. ಆ ಹೊತ್ತಿಗೆ ವೆನಿಸಿನ ವ್ಯಾಪಾರ ಕುಗ್ಗಿ ಖಜಾನೆ ಬರಿದಾಗುತ್ತಿತ್ತು. ಆದರೂ ಕೊನೆಯ ಹಣವನ್ನು ಅವರು ಅರಮನೆಗೆ ಸುರಿಯದೆ ನೀರಿನ ಕೆಲಸಕ್ಕೆ ಹಾಕಿದರು. ಗೋಡೆ ಮುಗಿದ ಹದಿನೈದೇ ವರ್ಷಕ್ಕೆ, 1797ರಲ್ಲಿ, ನೆಪೋಲಿಯನ್ ಬಂದು ಗಣರಾಜ್ಯವನ್ನು ಮುಗಿಸಿದ.

ನೀರು ಏರುವ ಬಗೆ

ನೆರೆ ಎಂದರೆ ನಮ್ಮ ಕಣ್ಣಮುಂದೆ ಬರುವುದು ಮಳೆ ಸುರಿದು ಹೊಳೆ ಉಕ್ಕುವ ಚಿತ್ರ. ವೆನಿಸಿನ ನೆರೆ ಹಾಗಲ್ಲ. ಅಲ್ಲಿನವರು ಅದನ್ನು ಅಕ್ವಾ ಆಲ್ಟಾ, ಅಂದರೆ ಎತ್ತರದ ನೀರು, ಎನ್ನುತ್ತಾರೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸು ಉಬ್ಬರ ದೊಡ್ಡದಿರುತ್ತದೆ. ಅದೇ ವೇಳೆಗೆ ವಾಯುಭಾರ ಕುಸಿದರೆ ಸಮುದ್ರದ ಮಟ್ಟ ಇನ್ನಷ್ಟು ಮೇಲೇಳುತ್ತದೆ. ಜೊತೆಗೆ ಆಗ್ನೇಯದಿಂದ ಸಿರೊಕ್ಕೊ ಎಂಬ ಗಾಳಿ ಬೀಸಿದರೆ, ಕಿರಿದಾದ ಏಡ್ರಿಯಾಟಿಕ್ ಸಮುದ್ರದ ನೀರೆಲ್ಲ ಉತ್ತರದ ಮೂಲೆಗೆ ಬಂದು ಒತ್ತುತ್ತದೆ. ಇವೆಲ್ಲ ಒಟ್ಟಿಗೆ ಬಂದ ದಿನ ನೀರು ಕಾಲುವೆಯ ದಂಡೆ ಹತ್ತುತ್ತದೆ, ಚರಂಡಿಗಳಿಂದ ಬುಗ್ಗೆಯಾಗಿ ಮೇಲೇಳುತ್ತದೆ. ಅಕ್ಟೋಬರಿನಿಂದ ಜನವರಿಯವರೆಗೆ ಇದರ ಕಾಲ. ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿತ ಬಂದು ನೀರು ಹಿಂದೆ ಸರಿಯುತ್ತದೆ.

ಇದು ಹೊಸದೇನಲ್ಲ, ಮಧ್ಯಯುಗದ ದಾಖಲೆಗಳಲ್ಲಿಯೂ ಇಂತಹ ನೆರೆಗಳಿವೆ. ಜನ ಅದಕ್ಕೆ ಒಗ್ಗಿಕೊಂಡಿದ್ದರು. ಇಂದಿಗೂ ಸೈರನ್ ಕೂಗಿದ ಕೂಡಲೇ ಅಂಗಡಿಯವರು ಬಾಗಿಲಿಗೆ ಲೋಹದ ಹಲಗೆ ಇಡುತ್ತಾರೆ, ಸರಕನ್ನು ಅಟ್ಟಕ್ಕೇರಿಸುತ್ತಾರೆ. ಬೀದಿಗಳಲ್ಲಿ ಮೇಜಿನಂತಹ ಕಾಲುದಾರಿ ಜೋಡಿಸಲಾಗುತ್ತದೆ. ರಬ್ಬರ್ ಬೂಟು ಹಾಕಿಕೊಂಡು ಮಕ್ಕಳು ಶಾಲೆಗೆ ಹೋಗುತ್ತಾರೆ.

ನೀರಿನ ಎತ್ತರವನ್ನು ಅಲ್ಲಿ 1897ರ ಸರಾಸರಿ ಸಮುದ್ರಮಟ್ಟವನ್ನು ಸೊನ್ನೆ ಎಂದಿಟ್ಟುಕೊಂಡು ಅಳೆಯುತ್ತಾರೆ. ಊರಿನ ಅತ್ಯಂತ ತಗ್ಗಿನ ಜಾಗಗಳಲ್ಲೊಂದಾದ ಸಂತ ಮಾರ್ಕನ ಚೌಕಕ್ಕೆ ಸುಮಾರು 80 ಸೆಂ.ಮೀ. ಆದಾಗಲೇ ನೀರು ಬರುತ್ತದೆ. 140 ಸೆಂ.ಮೀ. ಆದರೆ ಊರಿನ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ನೀರು.

ಕಾವಲು ತಪ್ಪಿದ ಕಾಲ

ಗಣರಾಜ್ಯ ಹೋದ ಮೇಲೆ ಊರಿನ ದೃಷ್ಟಿ ನೀರಿನಿಂದ ನೆಲದ ಕಡೆಗೆ ತಿರುಗಿತು. 1846ರಲ್ಲಿ ಲಗೂನಿನ ಮೇಲೆ ರೈಲು ಸೇತುವೆ, 1933ರಲ್ಲಿ ರಸ್ತೆ ಸೇತುವೆ ಬಂದವು. 1917ರಲ್ಲಿ ಲಗೂನಿನ ಅಂಚಿನಲ್ಲಿ ಮರ್ಘೇರ ಎಂಬ ಕೈಗಾರಿಕಾ ಬಂದರು ಶುರುವಾಯಿತು. ಸಬ್ಬದೀನೊ ಮುಟ್ಟಬೇಡಿ ಎಂದಿದ್ದ ಅಂಚನ್ನೇ ಮಣ್ಣು ತುಂಬಿ ಕಾರ್ಖಾನೆಗಳಿಗೆ ಕೊಡಲಾಯಿತು. ಸಾವಿರಾರು ಜನರಿಗೆ ಅಲ್ಲಿ ಕೂಲಿ ಸಿಕ್ಕಿತು ಎಂಬುದೂ ನಿಜ. ಆದ್ದರಿಂದಲೇ ಯಾರೂ ಬಾಯಿ ತೆರೆಯುವುದು ಸುಲಭವಿರಲಿಲ್ಲ.

ಕಾರ್ಖಾನೆಗಳು ಕೊಳವೆ ಬಾವಿ ಕೊರೆದು ನೆಲದಡಿಯ ನೀರನ್ನು ಮೇಲೆತ್ತತೊಡಗಿದವು. ಕೆಳಗಿನ ನೀರು ಖಾಲಿಯಾದಂತೆ ಮೇಲಿನ ಮಣ್ಣು ಅಮುಕಿಕೊಂಡು ನೆಲ ಕುಸಿಯಿತು, ಅದರೊಂದಿಗೆ ನಗರವೂ ಕುಸಿಯಿತು. ಅದೇ ಕಾಲದಲ್ಲಿ ಸಮುದ್ರದ ಮಟ್ಟವೂ ಏರುತ್ತಿತ್ತು. ಎರಡೂ ಸೇರಿ 20ನೇ ಶತಮಾನದಲ್ಲಿ ಊರಿಗೆ ಹೋಲಿಸಿದರೆ ನೀರು ಸುಮಾರು 23 ಸೆಂ.ಮೀ. ಮೇಲಕ್ಕೆ ಬಂದಿತು. ಒಂದು ಗೇಣಿನಷ್ಟು ತಾನೇ ಎನ್ನಿಸಬಹುದು. ಆದರೆ ಹೊಸ್ತಿಲಿನ ಮಟ್ಟದಲ್ಲಿ ಬದುಕುವವರಿಗೆ ಆ ಗೇಣೇ ಎಲ್ಲವೂ. ಹಿಂದೆ ಬಿಳಿಗಲ್ಲನ್ನು ಮಾತ್ರ ಮುಟ್ಟುತ್ತಿದ್ದ ನೀರು ಈಗ ಇಟ್ಟಿಗೆಯನ್ನು ಮುಟ್ಟಿತು. ಇಟ್ಟಿಗೆ ಉಪ್ಪುನೀರು ಹೀರಿ, ಒಣಗಿದಾಗ ಉಪ್ಪು ಹರಳುಗಟ್ಟಿ, ಗೋಡೆ ಪುಡಿಪುಡಿಯಾಗತೊಡಗಿತು.

ಇದಕ್ಕೆ ಸಾಕ್ಷಿ ಒದಗಿಸಿದವನು ಒಬ್ಬ ಚಿತ್ರಕಾರ ಎಂಬುದು ಸ್ವಾರಸ್ಯಕರ. 18ನೇ ಶತಮಾನದ ಕನಲೆತ್ತೊ ವೆನಿಸಿನ ಮನೆಗಳನ್ನು ಚಾಚೂ ತಪ್ಪದೆ ಬರೆಯುತ್ತಿದ್ದ. ಗೋಡೆಯ ಬುಡದಲ್ಲಿ ಪಾಚಿ ಕಟ್ಟಿದ ಹಸಿರು ಗೆರೆಯನ್ನೂ ಬಿಡುತ್ತಿರಲಿಲ್ಲ. ವಿಜ್ಞಾನಿಗಳು ಚಿತ್ರದ ಗೆರೆಯನ್ನೂ ಇಂದಿನ ಗೆರೆಯನ್ನೂ ಹೋಲಿಸಿ, ಆಗಿನಿಂದ ಈಚೆಗೆ ನೀರು ಸುಮಾರು 60 ಸೆಂ.ಮೀ. ಏರಿದೆ ಎಂದು ಲೆಕ್ಕ ಹಾಕಿದ್ದಾರೆ.

ಇಷ್ಟು ಸಾಲದೆಂಬಂತೆ 1960ರ ದಶಕದಲ್ಲಿ ತೈಲದ ಹಡಗುಗಳಿಗಾಗಿ ಮಲಮೊಕ್ಕೊ ಬಾಯಿಯಿಂದ ಮರ್ಘೇರದವರೆಗೆ ಆಳವಾದ ಕಾಲುವೆ ತೋಡಿದರು. ಊರಿನೊಳಗಿನ ಸಣ್ಣ ಕಾಲುವೆಗಳಲ್ಲಿ ಹೂಳೆತ್ತುವ ಕೆಲಸ ಮಾತ್ರ ದಶಕಗಳ ಕಾಲ ನಿಂತುಹೋಯಿತು.

1966ರ ನವೆಂಬರ್ 4

ಆ ದಿನದ ಬಗ್ಗೆ ಅಲ್ಲಿನ ಹಿರಿಯರು ಇಂದಿಗೂ ಮಾತನಾಡುತ್ತಾರೆ. ನವೆಂಬರ್ 3ರ ರಾತ್ರಿ ಉಬ್ಬರ ಬಂದಿತು. ಬೆಳಗಿನ ಜಾವ ಇಳಿಯಬೇಕಿದ್ದ ನೀರು ಇಳಿಯಲಿಲ್ಲ. ಸಿರೊಕ್ಕೊ ಗಾಳಿ ಅದನ್ನು ಹಿಡಿದು ನಿಲ್ಲಿಸಿತ್ತು. ಅದರ ಮೇಲೆಯೇ ಮುಂದಿನ ಉಬ್ಬರ ಬಂದಿತು. ಸಂಜೆ 6 ಗಂಟೆಯ ಹೊತ್ತಿಗೆ ನೀರು 194 ಸೆಂ.ಮೀ. ಮುಟ್ಟಿತು. ಅದು ಅಳತೆ ಶುರುವಾದ ಮೇಲಿನ ಅತಿ ದೊಡ್ಡ ನೆರೆ. ಸಂತ ಮಾರ್ಕನ ಚೌಕದಲ್ಲಿ ನೀರು ಸೊಂಟ ಮೀರಿ ನಿಂತಿತು. ವಿದ್ಯುತ್ ಹೋಯಿತು, ದೂರವಾಣಿ ಸತ್ತಿತು. ಮನೆ ಬೆಚ್ಚಗಿಡಲು ಇಟ್ಟಿದ್ದ ಎಣ್ಣೆಯ ತೊಟ್ಟಿಗಳು ಒಡೆದು, ಕಪ್ಪು ಎಣ್ಣೆ ನೀರಿನ ಮೇಲೆ ತೇಲಿ ಗೋಡೆಗಳಿಗೆ ಬಳಿದುಕೊಂಡಿತು. ಹೊರಗೆ ಪೆಲ್ಲೆಸ್ತ್ರೀನ ದ್ವೀಪದಲ್ಲಿ 18ನೇ ಶತಮಾನದ ಆ ಕಲ್ಲಿನ ಗೋಡೆಯನ್ನೇ ಸಮುದ್ರ ಒಡೆಯಿತು.

ರಾತ್ರಿ 9ರ ಸುಮಾರಿಗೆ ಗಾಳಿ ದಿಕ್ಕು ಬದಲಿಸಿತು, ನೀರು ರಭಸದಿಂದ ಹಿಂದೆ ಸರಿಯಿತು. ಗಾಳಿ ಇನ್ನೂ ಕೆಲವು ಗಂಟೆ ತಿರುಗದೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ಊಹಿಸಲೂ ಜನ ಹೆದರಿದರು. ಅದೇ ದಿನ ಫ್ಲಾರೆನ್ಸ್ ನಗರದಲ್ಲಿ ಆರ್ನೊ ನದಿ ಉಕ್ಕಿ ಅನೇಕರು ಪ್ರಾಣ ಕಳೆದುಕೊಂಡರು. ವೆನಿಸ್ ನಗರದಲ್ಲಿ ಸತ್ತವರಿರಲಿಲ್ಲ. ಆದರೆ ನೆಲ ಅಂತಸ್ತಿನಲ್ಲಿ ಬಾಳುತ್ತಿದ್ದ ಬಡವರು ಹಾಸಿಗೆ, ಬಟ್ಟೆ, ಒಲೆ ಎಲ್ಲವನ್ನೂ ಕಳೆದುಕೊಂಡರು. ಅವರಲ್ಲಿ ಅನೇಕರು ಆ ಮನೆಗಳಿಗೆ ಮತ್ತೆ ಹಿಂತಿರುಗಲೇ ಇಲ್ಲ.

ಎಪ್ಪತ್ತೆಂಟು ಬಾಗಿಲುಗಳು

ಲೋಕವೆಲ್ಲ ಮರುಗಿತು. ಯುನೆಸ್ಕೊ ವೆನಿಸನ್ನು ಉಳಿಸಲು ಕರೆ ಕೊಟ್ಟಿತು. 1973ರಲ್ಲಿ ಇಟಲಿಯ ಸಂಸತ್ತು ವೆನಿಸಿಗಾಗಿ ವಿಶೇಷ ಕಾನೂನು ಮಾಡಿತು. ಆ ದಶಕದಲ್ಲಿ ನೆಲದಡಿಯ ನೀರೆತ್ತುವುದನ್ನು ನಿಲ್ಲಿಸಿದ್ದರಿಂದ ವೇಗವಾದ ಕುಸಿತವೂ ನಿಂತಿತು. ಮಾಡಿದ ತಪ್ಪನ್ನು ನಿಲ್ಲಿಸಿದರೆ ಫಲ ಸಿಗುತ್ತದೆ ಎಂಬುದಕ್ಕೆ ಇದೊಂದು ಒಳ್ಳೆಯ ಉದಾಹರಣೆ. ಆದರೆ ಕುಸಿದ ನೆಲ ಮತ್ತೆ ಮೇಲೇಳಲಿಲ್ಲ.

ಸಮುದ್ರವನ್ನು ತಡೆಯಲು ಆಯ್ಕೆಯಾದ ಯೋಜನೆಯ ಹೆಸರು ಮೋಸೆ. ಲಗೂನಿನ ಮೂರು ಬಾಯಿಗಳ ತಳದಲ್ಲಿ ಒಟ್ಟು 78 ಉಕ್ಕಿನ ಬಾಗಿಲುಗಳು. ಒಳಗೆ ಟೊಳ್ಳಾದ ಈ ಬಾಗಿಲುಗಳು ಸಾಮಾನ್ಯ ದಿನಗಳಲ್ಲಿ ನೀರು ತುಂಬಿಕೊಂಡು ತಳದಲ್ಲಿ ಮಲಗಿರುತ್ತವೆ. ದೊಡ್ಡ ಉಬ್ಬರದ ಮುನ್ಸೂಚನೆ ಬಂದಾಗ ಒಳಗೆ ಗಾಳಿ ತುಂಬಿ ನೀರನ್ನು ಹೊರದೂಡುತ್ತಾರೆ. ಬಾಗಿಲುಗಳು ತಾವಾಗಿ ಮೇಲೆದ್ದು ಸಮುದ್ರವನ್ನು ಲಗೂನಿನಿಂದ ಬೇರ್ಪಡಿಸುತ್ತವೆ.

ಕೆಲಸ ಶುರುವಾದದ್ದು 2003ರಲ್ಲಿ. ಮುಗಿಯಲು ಹಿಡಿದ ಕಾಲ ಮತ್ತು ಹಣ ಎರಡೂ ಅಂದಾಜನ್ನು ಮೀರಿದವು. ಖರ್ಚು 500 ಕೋಟಿ ಯೂರೊ ದಾಟಿತು. 2014ರಲ್ಲಿ ಈ ಕಾಮಗಾರಿಯ ಲಂಚದ ಹಗರಣ ಬಯಲಾಗಿ ಊರಿನ ಮೇಯರ್ ಸೇರಿದಂತೆ ಅನೇಕರ ಬಂಧನವಾಯಿತು. ಅದೇ ವರ್ಷ ಶತಮಾನಗಳ ಹೆಸರು ಹೊತ್ತಿದ್ದ ನೀರಿನ ಇಲಾಖೆಯನ್ನೇ ಸರ್ಕಾರ ರದ್ದುಮಾಡಿತು. ನೀರಿಗೆ ಹಾನಿ ಮಾಡಿದವನನ್ನು ದೇಶದ್ರೋಹಿ ಎಂದಿದ್ದ ಊರಿನಲ್ಲಿ ನಡೆದ ಘಟನೆ ಇದು.

ಬಾಗಿಲುಗಳಿನ್ನೂ ಸಿದ್ಧವಾಗಿರಲಿಲ್ಲ, 2019ರ ನವೆಂಬರ್ 12ರ ರಾತ್ರಿ ನೀರು 187 ಸೆಂ.ಮೀ. ಏರಿತು. ಅದು 1966ರ ನಂತರದ ಅತಿ ದೊಡ್ಡ ನೆರೆ. ಅದೇ ವಾರದಲ್ಲಿ ಇನ್ನೂ ಮೂರು ಸಲ ನೀರು 140 ಸೆಂ.ಮೀ. ದಾಟಿತು. ಪೆಲ್ಲೆಸ್ತ್ರೀನ ದ್ವೀಪದಲ್ಲಿ ಇಬ್ಬರು ತೀರಿಕೊಂಡರು. ಸಂತ ಮಾರ್ಕನ ಚರ್ಚಿನ ನೆಲಮಾಳಿಗೆ ತುಂಬಿತು.

ಕೊನೆಗೆ 2020ರ ಅಕ್ಟೋಬರ್ 3ರಂದು ಎಲ್ಲ 78 ಬಾಗಿಲುಗಳು ಮೊದಲ ಬಾರಿಗೆ ನಿಜವಾದ ನೆರೆಯ ಎದುರು ಎದ್ದುನಿಂತವು. ಹೊರಗೆ ಸಮುದ್ರ 130 ಸೆಂ.ಮೀ. ದಾಟಿತ್ತು, ಒಳಗೆ ಲಗೂನ್ ಸುಮಾರು 70ರಲ್ಲೇ ನಿಂತಿತ್ತು. ಸಂತ ಮಾರ್ಕನ ಚೌಕ ಒಣಗಿಯೇ ಇತ್ತು. ಎರಡು ತಿಂಗಳ ನಂತರ, ಡಿಸೆಂಬರ್ 8ರಂದು, ಮುನ್ಸೂಚನೆ ಕಡಿಮೆಯಿದ್ದುದರಿಂದ ಬಾಗಿಲು ಎತ್ತಲಿಲ್ಲ, ಊರಿಗೆ ನೀರು ನುಗ್ಗಿತು. ಯಂತ್ರ ಎಷ್ಟು ದೊಡ್ಡದಾದರೂ ಅದರ ಹಿಂದೆ ಎಚ್ಚರವಾಗಿರುವ ಮನುಷ್ಯ ಬೇಕೆಂದು ಆ ದಿನ ತೋರಿಸಿತು. 2022ರ ನವೆಂಬರ್ 22ರಂದು ಸಮುದ್ರ 170 ಸೆಂ.ಮೀ. ಮೀರಿದಾಗ ಬಾಗಿಲುಗಳು ಮೇಲಿದ್ದವು, ಒಂದು ಮಹಾ ನೆರೆ ತಪ್ಪಿತು.

ಹಾಗೆಂದು ಕಥೆ ಮುಗಿಯಲಿಲ್ಲ. ಸಮುದ್ರದ ಮಟ್ಟ ಏರುತ್ತಲೇ ಇದೆ. ಬಾಗಿಲುಗಳನ್ನು ಹೆಚ್ಚು ಹೆಚ್ಚು ಸಲ ಮುಚ್ಚಿದರೆ ಉಬ್ಬರದ ನೀರು ಬಂದು ಲಗೂನನ್ನು ತೊಳೆಯುವುದು ಕಡಿಮೆಯಾಗುತ್ತದೆ, ಹಡಗುಗಳೂ ನಿಲ್ಲುತ್ತವೆ. ತೆರೆದಿಟ್ಟರೆ ಊರು ಮುಳುಗುತ್ತದೆ, ಮುಚ್ಚಿಟ್ಟರೆ ಲಗೂನ್ ಕೊಳೆಯುತ್ತದೆ. ಸಬ್ಬದೀನೊ ಮತ್ತು ಕೊರ್ನಾರೊ ನಡುವಿನ ವಾದ ಬೇರೆ ರೂಪದಲ್ಲಿ ಮತ್ತೆ ಬಂದು ನಿಂತಿದೆ.

ಮನೆಯಿದೆ, ಮಂದಿಯಿಲ್ಲ

ನೀರಿನ ಏರಿಕೆಯ ಜೊತೆಗೆ ಇನ್ನೊಂದು ಇಳಿಕೆಯನ್ನೂ ಹೇಳದಿದ್ದರೆ ಈ ಇತಿಹಾಸ ಅರ್ಧವಾಗುತ್ತದೆ. 1951ರಲ್ಲಿ ಹಳೆಯ ವೆನಿಸ್ ನಗರದಲ್ಲಿ ಸುಮಾರು 1,75,000 ಜನ ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ನೆಲ ಅಂತಸ್ತಿನ ತೇವ, ಮನೆ ದುರಸ್ತಿಯ ಖರ್ಚು, ಕೆಲಸದ ಕೊರತೆ, ಪ್ರವಾಸಿಗರಿಂದಾಗಿ ಗಗನಕ್ಕೇರಿದ ಬಾಡಿಗೆ ಇವೆಲ್ಲ ಸೇರಿ ಜನರನ್ನು ಸೇತುವೆಯಾಚೆಯ ನೆಲದ ಊರುಗಳಿಗೆ ಕಳಿಸಿದವು. ಅಲ್ಲಿನ ಒಂದು ಔಷಧಿ ಅಂಗಡಿಯ ಕಿಟಕಿಯಲ್ಲಿ ಊರಿನಲ್ಲಿ ಉಳಿದಿರುವ ಜನರ ಸಂಖ್ಯೆಯನ್ನು ತೋರಿಸುವ ಫಲಕವಿದೆ. ಅದರ ಅಂಕಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಬಂದಿದೆ. 2024ರಿಂದ ಕೆಲವು ದಿನಗಳಲ್ಲಿ ಊರನ್ನು ನೋಡಿ ಸಂಜೆ ಮರಳುವ ಪ್ರವಾಸಿಗರಿಂದ ಪ್ರವೇಶ ಶುಲ್ಕವನ್ನೂ ಪಡೆಯುತ್ತಿದ್ದಾರೆ.

ಬಾಗಿಲುಗಳು ಕಲ್ಲನ್ನು ಕಾಯಬಲ್ಲವು. ಆದರೆ ವೆನಿಸನ್ನು ಸಾವಿರ ವರ್ಷ ಉಳಿಸಿದ್ದು ಒಂದೇ ಒಂದು ದೊಡ್ಡ ಕಾಮಗಾರಿ ಅಲ್ಲ. ಪ್ರತಿ ವರ್ಷ ತಪ್ಪದೆ ನಡೆಯುತ್ತಿದ್ದ ಸಣ್ಣ ಕೆಲಸಗಳು ಅದನ್ನು ಉಳಿಸಿದವು. ಕಾಲುವೆಯ ಹೂಳೆತ್ತುವುದು, ಸವೆದ ಗೂಟ ಬದಲಿಸುವುದು, ದಂಡೆಯ ಬಿರುಕು ಮುಚ್ಚುವುದು, ನೀರಿನ ಮಟ್ಟ ನೋಡುವುದು. ಅದನ್ನು ಮಾಡಲು ಅಲ್ಲಿಯೇ ಬಾಳುವ, ಆ ನೀರು ತನ್ನದೆಂದು ತಿಳಿಯುವ ಜನ ಬೇಕು.

ಸೀಸರ್ ಫ್ರೆಡರಿಕ್ 1567ರಲ್ಲಿ ವಿಜಯನಗರದಲ್ಲಿ ಕಂಡದ್ದೂ ಇದನ್ನೇ. ಆ ಮಹಾನಗರ ಪೂರ್ತಿ ನೆಲಸಮವಾಗಿರಲಿಲ್ಲ. ಮನೆಗಳು ನಿಂತೇ ಇದ್ದವು, ಆದರೆ ಬರಿದಾಗಿ, ಕಾಡುಮೃಗಗಳ ಬೀಡಾಗಿದ್ದವು ಎಂದು ಆ ವೆನಿಸಿನ ವರ್ತಕ ಬರೆದಿಟ್ಟ. ಅಲ್ಲಿ ಯುದ್ಧ ಮಾಡಿದ್ದನ್ನು ಅವನ ಸ್ವಂತ ಊರಿನಲ್ಲಿ ಈಗ ನೀರು, ಬಾಡಿಗೆ ಮತ್ತು ಅಲಕ್ಷ್ಯ ನಿಧಾನವಾಗಿ ಮಾಡುತ್ತಿವೆ.

ನಮ್ಮ ಶಾಲೆಯ ಐವತ್ತು ವರ್ಷಗಳ ಈ ಸಂಚಿಕೆಯನ್ನು ಓದುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ದೂರದ ಊರುಗಳಲ್ಲಿದ್ದೀರಿ. ಹೊಟ್ಟೆಪಾಡಿಗೆ ಹೋಗಲೇಬೇಕಾಗುತ್ತದೆ, ಅದರಲ್ಲಿ ತಪ್ಪಿಲ್ಲ. ಊರಿನಲ್ಲಿ ಉಳಿದವರು ಕೆರೆಯ ಏರಿಯ ಮೇಲೆ ನಡೆಯುವಾಗ, ಹೊರಗಿರುವವರು ಹಬ್ಬಕ್ಕೆ ಬಂದಾಗ, ತೂಬಿನ ಕಡೆ ಒಮ್ಮೆ ಕಣ್ಣು ಹಾಯಿಸಿ. ಹೂಳು ಎಷ್ಟಿದೆ, ಕೋಡಿ ಸರಿಯಿದೆಯೇ, ನೀರುಗಂಟಿಯ ಕೆಲಸವನ್ನು ಈಗ ಯಾರು ನೋಡುತ್ತಿದ್ದಾರೆ ಎಂದು ವಿಚಾರಿಸಿ. ವೆನಿಸಿನವರು ಇಂತಹ ಪ್ರಶ್ನೆ ಕೇಳುವುದನ್ನು ಕೆಲವು ದಶಕ ಮಾತ್ರ ಮರೆತಿದ್ದರು. ಅದರ ಬೆಲೆಯನ್ನು ಅವರ ಮೊಮ್ಮಕ್ಕಳು ಇಂದಿಗೂ ತೆರುತ್ತಿದ್ದಾರೆ.